ಬೂದಿ ಬೇಡುವ ಯಂತ್ರ

"ವೈನಿ, ಇನ್ನ ನಿಮ್ಮ ಗಾಡಿ ಕದಲಿಸಾಕ ಯಾರಪ್ಪನ ಕೈಲೂ ಆಗಂಗಿಲ್ಲ!" ಎಂದು ಚಂಬಣ್ಣ ತನ್ನ ಹೊಸ ಯಂತ್ರದ ಬೆನ್ನು ತಟ್ಟಿದ.

ನೀಲವ್ವ ಹಳೇ ಬಸ್‌ಸ್ಟ್ಯಾಂಡಿನೆದುರು ಇಪ್ಪತ್ತೆರಡು ವರ್ಷದಿಂದ ಮಿರ್ಚಿ ಭಜಿ ಕರಿಯುವವಳು. ಕರಿದುಳಿದ ಎಣ್ಣೆಯನ್ನು ಗಟಾರಕ್ಕೆ ಸುರಿಯುತ್ತಾಳೆಂದು ಅವಳ ಗಾಡಿ ಎತ್ತಿಸಲು ಪುರಸಭೆಯ ಜಾಲಿಹಾಳ ಸಾಹೇಬರು ಇವತ್ತೇ ಬರುವವರಿದ್ದರು. ಸುರಿಯುವುದೇನೋ ನಿಜ. ಆದರೆ ಆ ಗಟಾರ ಅವಳ ಮದುವೆಗಿಂತ ಮೊದಲೇ ಕಟ್ಟಿಕೊಂಡಿತ್ತಲ್ಲ, ಅದನ್ನು ಕೇಳುವವರೇ ಇಲ್ಲ! ನೆನೆದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಮೈದುನ ಚಂಬಣ್ಣ ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಟೆಂಡರ್ ಆಗಿ ನಿವೃತ್ತನಾದವನು. ಕರಿದ ಎಣ್ಣೆ, ಒಂದಿಷ್ಟು ಸ್ಪಿರಿಟ್, ಬಾಳೆಸಿಪ್ಪೆ ಸುಟ್ಟ ಬೂದಿ ಸೇರಿದರೆ ಡೀಸೆಲ್ ಎನ್ನುವುದು ಅವನ ಲೆಕ್ಕ. ಬೂದಿ ಎಷ್ಟು ಬೇಕೆಂದು ಯಂತ್ರವೇ ಮೂಸಿ ನೋಡಿ ಹಾಕಿಕೊಳ್ಳುತ್ತದೆ. ಸಾಲದ್ದಕ್ಕೆ ಅದಕ್ಕೊಂದು ಬಾಯಿ ಬೇರೆ!

"ಒಂದ ಒಂದು ಹನಿ ನೀರು ಬೀಳಬಾರದು ನೋಡ್ರಿ," ಎಂದು ಹೇಳಿ ಅವನು ಸಾಹೇಬರನ್ನು ಕರೆತರಲು ಹೋದ.

ಯಂತ್ರದೊಳಗಿನ ಎಣ್ಣೆ ಸುಮ್ಮನೆ ಕೂತಿತ್ತು. ಕಾದಿದೆಯೋ ಇಲ್ಲವೋ? ನೀಲವ್ವನ ಕೈ ಹಳೆಯ ಚಾಳಿಯಂತೆ ನೀರಲ್ಲಿ ಅದ್ದಿಕೊಂಡು ಎಣ್ಣೆಗೆ ಚಿಮುಕಿಸಿಬಿಟ್ಟಿತು. ಚುಂಯ್ ಎನ್ನಲಿಲ್ಲ. ಮತ್ತೆ ಚಿಮುಕಿಸಿದಳು. ಉಹೂಂ! ಯಂತ್ರಕ್ಕೆ ಉಗುರುಬೆಚ್ಚಗಿದ್ದರೆ ಸಾಕೆಂದು ಅವಳಿಗೇನು ಗೊತ್ತು? ಸಿಟ್ಟು ಬಂದು ಚೊಂಬನ್ನೇ ಬಗ್ಗಿಸಿದಳು.

"ನೀರು! ಬೂದಿ ಬೇಕು! ಇನ್ನಷ್ಟು ಬೂದಿ!" ಎಂದು ಯಂತ್ರ ಕಿರುಚಿ, ಮೂಟೆ ಬೂದಿಯನ್ನು ಒಂದೇ ಗುಕ್ಕಿಗೆ ನುಂಗಿತು. ಬುಸ್ ಎಂದು ನೊರೆ ಉಕ್ಕಿತು!

"ಡೀಸೆಲ್ ಹೋಗಿ ಸಾಬೂನು ಆತಲ್ಲ ವೈನಿ!" ಸಾಹೇಬರನ್ನು ಕರೆದುಕೊಂಡು ಓಡಿ ಬಂದ ಚಂಬಣ್ಣ ತಲೆ ಚಚ್ಚಿಕೊಂಡ.

"ನಿನ್ನ ಯಂತ್ರಕ್ಕ ಬಾಯಿ ಇಟ್ಟೀದಿ, ಬುದ್ಧಿ ಇಡೂದು ಮರತೀದಿ!"

ನೊರೆ ಬೆಂಚು ಮುಳುಗಿಸಿತು, ಸಾಹೇಬರ ಸೊಂಟದವರೆಗೆ ಏರಿತು, ಆಮೇಲೆ ಗಟಾರಕ್ಕಿಳಿಯಿತು. ಗಟಾರ ಒಮ್ಮೆ ಬಿಕ್ಕಳಿಸಿ, ಇಪ್ಪತ್ತೆರಡು ವರ್ಷದ ಜಿಡ್ಡು, ಕಸ, ಒಂಟಿ ಚಪ್ಪಲಿಗಳನ್ನೆಲ್ಲ ಹೊತ್ತುಕೊಂಡು ಗಳಗಳ ಹರಿಯತೊಡಗಿತು!

"ಎಣ್ಣಿ ಗಟಾರಕ್ಕ ಬಿಟ್ಟಾಳ! ಎತ್ರೋ ಗಾಡಿ!" ಸಾಹೇಬರು ಕೂಗಿದರು.

ನೀಲವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಒಂದು ಹನಿ ಎಣ್ಣಿ ತೋರಸ್ರಿ, ಗಾಡಿ ನಾನ ಎತ್ತತೀನಿ! ನಿಮ್ಮ ಪುರಸಭಿಗೆ ಆಗದ ಕೆಲಸ ನನ್ನ ಭಜಿ ಎಣ್ಣಿ ಮಾಡೈತಿ. ನೋಟಿಸು ಕೊಡೂದಿದ್ರ ನಿಮಗ ನೀವ ಕೊಟ್ಕೊಳ್ರಿ!"

ಸಾಹೇಬರು ಬಗ್ಗಿ ಬಗ್ಗಿ ಹುಡುಕಿದರು. ಎಣ್ಣೆ ಸಿಗಲಿಲ್ಲ. ಕೈಯಲ್ಲಿದ್ದ ನೋಟಿಸಿನ ಅಕ್ಷರವೂ ತೊಳೆದುಹೋಗಿತ್ತು. ಅವರು ಜಾರುತ್ತ ಜಾರುತ್ತ ಹೊರಟುಹೋದರು.

"ನಾಳಿ ಖಂಡಿತ ಡೀಸೆಲ್ ತಗೀತೀನಿ, ವೈನಿ," ಎಂದು ಚಂಬಣ್ಣ ಮೂಗು ಒರೆಸಿಕೊಂಡ.

ನೀಲವ್ವ ಬಾಣಲೆ ಒಲೆಗಿಟ್ಟಳು.

"ಅವಸರ ಮಾಡಬ್ಯಾಡ. ಪ್ಯಾಟ್ಯಾಗ ಇನ್ನೂ ಆರು ಗಟಾರ ಅದಾವ."