ಸೂಜಿ ನಿಂತಲ್ಲಿ ಉತ್ತರ

ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಹದಿನಾರು ದಿನ ಬುದ್ಧಿವಂತನಾಗಿದ್ದೆ. ಹದಿನೈದೂ ಅಲ್ಲ, ಹದಿನೇಳೂ ಅಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸಿ ನೋಡಿಯೇ ಹೇಳುತ್ತಿದ್ದೇನೆ. ಅದಕ್ಕೆ ಮೊದಲು ನನ್ನನ್ನು ಯಾರೂ ಬುದ್ಧಿವಂತ ಎಂದಿರಲಿಲ್ಲ, ಇನ್ನು ಮುಂದೆ ಅನ್ನುವ ಸಂಭವವೂ ಇಲ್ಲ. ದಡ್ಡನಾಗಿ ಬಾಳುವುದು ಅಷ್ಟೇನೂ ಕಷ್ಟವಲ್ಲ, ರೂಢಿಯಾಗಿಬಿಡುತ್ತದೆ. ಆದರೆ ನಡುವೆ ಹದಿನಾರು ದಿನ ಬುದ್ಧಿವಂತನಾಗಿದ್ದು ಮತ್ತೆ ಹಳೆಯ ಜಾಗಕ್ಕೆ ಬಂದು ಕೂರುವುದಿದೆಯಲ್ಲ, ಅದರ ನಡುಕ ಬೇಗ ಹೋಗುವುದಿಲ್ಲ. ಆದ್ದರಿಂದ ನಡೆದದ್ದನ್ನು ನಿಧಾನವಾಗಿ, ಕಣ್ಣಾರೆ ಕಂಡಷ್ಟನ್ನೇ ಹೇಳುತ್ತೇನೆ. ಒಂದು ಮಾತು ಹೆಚ್ಚಾದರೂ ತಿದ್ದಲು ಮನೆಯಲ್ಲಿ ಇಬ್ಬರಿದ್ದಾರೆ: ಹೆಂಡತಿ ಸುಮಂಗಲಾ, ಮಗಳು ಗೌರಿ.

ನಾನು ಧಾರವಾಡದವನು. ಪುಣೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ಒಂದೇ ಕಂಪನಿ, ಒಂದೇ ಖರೀದಿ ವಿಭಾಗ, ಎರಡು ಕುರ್ಚಿ, ಮೊದಲನೆಯದು ಮುರಿಯಿತು. ಹತ್ತನೆಯ ತರಗತಿಯವರೆಗೆ ಕಲಿತದ್ದು ಕನ್ನಡ ಶಾಲೆಯಲ್ಲಿ. ಆಫೀಸಿನಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಇಂಗ್ಲಿಷ್ ಏನಿದ್ದರೂ ಈಮೇಲಿಗೆ. ಅದರಲ್ಲೂ ನಾನು ಮೊದಲ ವರ್ಷ ಕಲಿತ ಹನ್ನೆರಡು ವಾಕ್ಯಗಳನ್ನೇ ಹಿಂದೆಮುಂದೆ ಮಾಡಿ ಕಳಿಸುತ್ತ ಬಂದಿದ್ದೆ. ಅದರಿಂದಾಗಿ ಕಂಪನಿಗೆ ಒಂದು ನಟ್ಟು ಬೋಲ್ಟೂ ಬರದೆ ನಿಂತದ್ದಿಲ್ಲ. ಹೀಗಿರುವಾಗ ಒಂದು ನೋಟಿಸು ಬಂತು. ನಮ್ಮ ವಿಭಾಗ ಐವತ್ತು ಕಿಲೋಮೀಟರ್ ಆಚೆಯ ರಾಂಜಣಗಾಂವದ ಕಾರ್ಖಾನೆಗೆ ಹೋಗುತ್ತದೆ, ಶಹರದ ಆಫೀಸಿನಲ್ಲಿ ಉಳಿಯುವವರು ಒಂದು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ದೇಶದ ಎಲ್ಲ ಶಾಖೆಗಳಿಗೂ ಅದೇ ಪರೀಕ್ಷೆ, ಕಂಪ್ಯೂಟರಿನ ಮುಂದೆ ಕೂತು ಬರೆಯಬೇಕು. ಇಪ್ಪತ್ತು ವಾಕ್ಯಗಳು, ಒಂದೊಂದರಲ್ಲೂ ಒಂದು ಪದ ಬಿಟ್ಟಿರುತ್ತಾರೆ, ಕೆಳಗೆ ನಾಲ್ಕು ಪದ ಕೊಟ್ಟಿರುತ್ತಾರೆ, ಸರಿಯಾದದ್ದನ್ನು ಆರಿಸಬೇಕು. ಹನ್ನೆರಡು ಸರಿಯಾದರೆ ಶಹರ. ಹನ್ನೊಂದಾದರೆ ಬೆಳಿಗ್ಗೆ ಪೌಣೆ ಆರರ, ಅಂದರೆ ಐದೂಮುಕ್ಕಾಲರ, ಕಂಪನಿ ಬಸ್ಸು. ಪರೀಕ್ಷೆಗೆ ಮೂವತ್ತು ದಿನ ಇತ್ತು.

ಸುಮಂಗಲಾ ನೋಟಿಸು ಓದಿ, “ಚಿಂತಿ ಯಾಕ ಮಾಡ್ತೀರಿ? ರಾಂಜಣಗಾಂವದಾಗ ಗಣಪತಿ ಇದ್ದಾನ. ದಿನಾ ದರ್ಶನ ಆಗ್ತದ” ಅಂದಳು. ಪೌಣೆ ಆರರ ಬಸ್ಸಿಗೆ ಡಬ್ಬಿ ಕಟ್ಟಲು ನಾಲ್ಕೂವರೆಗೆ ಏಳಬೇಕಾದವರು ಯಾರು ಎಂಬ ವಿಚಾರ ಮಾತ್ರ ಅವಳ ಮುಖದ ಮೇಲೆ ಎದ್ದು ಕಾಣುತ್ತಿತ್ತು. ನಾನು ಮರುದಿನವೇ ಕ್ಲಾಸಿಗೆ ಸೇರಿದೆ.

ನಾವಿರುವುದು ಸದಾಶಿವ ಪೇಠದಲ್ಲಿ. ಇಲ್ಲಿ ಕ್ಲಾಸು ಹುಡುಕುವುದು ಕಷ್ಟವಲ್ಲ, ಕ್ಲಾಸಿಗೆ ಸಿಗದೆ ತಪ್ಪಿಸಿಕೊಂಡು ಓಡಾಡುವುದು ಕಷ್ಟ. ಹಿಂದಿನ ಓಣಿಯಲ್ಲಿ, ಹಳೆಯ ವಾಡೆಯೊಂದರ ಮೇಲಂತಸ್ತಿನಲ್ಲಿ ಆಪಟೆ ಸರ್ ಕಲಿಸುತ್ತಿದ್ದರು. ಮೆಟ್ಟಿಲು ಹತ್ತಿ ಹೋದಾಗ ಬಾಗಿಲಲ್ಲಿದ್ದವನು, ಮಗನನ್ನು ಬಿಡಲು ಬಂದಿರಾ ಎಂದು ಮರಾಠಿಯಲ್ಲಿ ಕೇಳಿದ. ಇಲ್ಲ, ನನ್ನನ್ನೇ ಬಿಡಲು ಬಂದಿದ್ದೇನೆ ಎಂದೆ. ಒಳಗಿದ್ದವರೆಲ್ಲ ಇಪ್ಪತ್ತರ ಆಸುಪಾಸಿನವರು. ಒಬ್ಬಳು ಹುಡುಗಿ ಎದ್ದು, “ಕಾಕಾ, ಇಥೆ ಬಸಾ” ಎಂದು ಫ್ಯಾನಿನ ಕೆಳಗಿನ ಜಾಗ ಬಿಟ್ಟುಕೊಟ್ಟಳು. ಬಸ್ಸಿನಲ್ಲಿ ಕೂಡ ಯಾರೂ ನನಗೆ ಹಾಗೆ ಜಾಗ ಕೊಟ್ಟಿಲ್ಲ. ಆಪಟೆ ಸರ್ ಮೊದಲ ದಿನ ಹೇಳಿದ್ದು ಇಷ್ಟೇ: ಉತ್ತರ ವಾಕ್ಯದೊಳಗೇ ಇರುತ್ತದೆ, ಬೇರೆಲ್ಲೂ ನೋಡಬೇಡಿ. ‘ಆದರೆ’ ಬಂದರೆ ಅರ್ಥ ತಿರುಗುತ್ತದೆ, ‘ಆದ್ದರಿಂದ’ ಬಂದರೆ ಅದೇ ದಾರಿಯಲ್ಲಿ ಮುಂದೆ ಹೋಗುತ್ತದೆ. ಹೇಳಿ, ಐನೂರು ಪ್ರಶ್ನೆಗಳ ಒಂದು ಪುಸ್ತಕ ಕೈಗಿಟ್ಟರು. ಮನೆಯಲ್ಲಿ ಯಾರಾದರೂ ಓದಿ ಹೇಳುವವರಿದ್ದರೆ ಒಳ್ಳೆಯದು ಎಂದರು. ಆ ಸಲಹೆ ಕೊಟ್ಟವರು ಅವರೇ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಓದಿ ಹೇಳುವ ಕೆಲಸವನ್ನು ಸುಮಂಗಲಾ ವಹಿಸಿಕೊಂಡಳು. ಅವಳು ಮನೆಯಲ್ಲೇ ಸೀರೆಗಳಿಗೆ ಫಾಲ್ ಹಚ್ಚುತ್ತಾಳೆ. ಸಂಜೆ ಚಹಾ ಆದ ಮೇಲೆ ಬಾಲ್ಕನಿಯ ಪಕ್ಕ ಚಾಪೆ ಹಾಸಿ, ಯಾರದೋ ಸೀರೆಯ ಅಂಚನ್ನು ತೊಡೆಯ ಮೇಲೆ ಹರಡಿಕೊಂಡು, ದಾರದ ಡಬ್ಬಿಗೆ ಪುಸ್ತಕ ಒರಗಿಸಿ ಕೂರುವಳು. ಸರಿಯುತ್ತರಗಳಿಗೆ ಮೊದಲೇ ಪೆನ್ಸಿಲಿನಿಂದ ಗುರುತು ಹಾಕಿಟ್ಟುಕೊಂಡಿರುತ್ತಿದ್ದಳು, ಪದೇ ಪದೇ ಕೊನೆಯ ಉತ್ತರಗಳ ಪುಟ ತಿರುವಿದರೆ ಹೊಲಿಗೆ ಕೆಡುತ್ತದೆಂದು. ನಾನು ಎದುರಿಗೆ ಬೆತ್ತದ ಮೊಡಾದ ಮೇಲೆ. ಮೊದಲ ದಿನ ಇಪ್ಪತ್ತಕ್ಕೆ ಏಳು ಸರಿಯಾದವು. ಮೂರನೆಯ ದಿನ ಹನ್ನೆರಡು. ಒಂಬತ್ತನೆಯ ದಿನ ಹದಿನೇಳು. ಹದಿಮೂರನೆಯ ದಿನದಿಂದ ಹತ್ತೊಂಬತ್ತಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ. ಪದದ ಅರ್ಥವೇ ತಿಳಿಯದಿದ್ದರೂ ಉತ್ತರ ಎಲ್ಲಿಂದಲೋ ಹೊಳೆಯುತ್ತಿತ್ತು. ಇದನ್ನೇ ಭಾಷಾಪ್ರಜ್ಞೆ ಅನ್ನುತ್ತಾರೆ ಎಂದು ನಾನು ತಿಳಿದೆ. ತಿಳಿದು ಸುಮ್ಮನಿರಲಿಲ್ಲ. ಬೆಳಗಾವಿಯಲ್ಲಿರುವ ಸುಮಂಗಲಾಳ ತಮ್ಮನಿಗೆ ಫೋನು ಮಾಡಿ, ಮನುಷ್ಯನ ಮಿದುಳು ಐವತ್ತರ ನಂತರ ಅರಳುತ್ತದೆ ಎಂದು ಇಪ್ಪತ್ತು ನಿಮಿಷ ವಿವರಿಸಿದೆ. ಅವನಿಗೆ ನಲವತ್ತೆರಡು, ಪಾಪ, ಕಾಯುತ್ತೇನೆ ಅಂದ. ಆಫೀಸಿನಲ್ಲಿ ಚಹಾಕ್ಕೆ ಸಕ್ಕರೆ ಕಡಿಮೆಯಾದಾಗ ‘ಫ್ರೂಗಲ್’ ಎಂಬ ಪದ ಬಳಸಿದೆ. ಮಿತವ್ಯಯಿ ಎಂದರ್ಥ. ಚಹಾದವನಿಗೆ ಅದು ಬೈಗುಳವೆಂದು ತೋರಿ ಎರಡು ದಿನ ನನ್ನ ಮೇಜಿಗೆ ಚಹಾ ತರಲಿಲ್ಲ.

ಹದಿನೇಳನೆಯ ದಿನ ಆಪಟೆ ಸರ್ ಕ್ಲಾಸಿನಲ್ಲೇ ಮಾದರಿ ಪರೀಕ್ಷೆ ಇಟ್ಟರು. ಕಾಗದದ ಮೇಲೆ ಇಪ್ಪತ್ತು ವಾಕ್ಯ. ನಾನು ಕಾಗದವನ್ನು ನೋಡಿದೆ. ಕಾಗದ ಸುಮ್ಮನಿತ್ತು. ಎಷ್ಟು ಹೊತ್ತು ನೋಡಿದರೂ ಅದರಿಂದ ಏನೂ ಹೊಳೆಯಲಿಲ್ಲ. ತಲೆ ಎತ್ತಿ ಆಪಟೆ ಸರ್ ಅವರ ಮುಖ ನೋಡಿದೆ, ಯಾಕೆ ನೋಡಿದೆನೆಂದು ಆಗ ನನಗೇ ತಿಳಿಯಲಿಲ್ಲ. ಅವರು ಆಕಳಿಸುತ್ತಿದ್ದರು. ಇಪ್ಪತ್ತಕ್ಕೆ ಐದು ಬಂದವು. ಜಾಗ ಬಿಟ್ಟುಕೊಟ್ಟಿದ್ದ ಹುಡುಗಿ ನನ್ನ ಅಂಕ ನೋಡಿ, ನೀರು ಬೇಕೇ ಕಾಕಾ ಎಂದು ಕೇಳಿದಳು. ಮನೆಯಲ್ಲಿ ಹತ್ತೊಂಬತ್ತು ಬರುತ್ತವೆ ಎಂದು ನಾನು ಸರ್‌ಗೆ ಹೇಳಿದೆ. “ಭೀತಿ ಆಹೆ, ಫಕ್ತ ಭೀತಿ” ಎಂದರು ಅವರು. ಭಯವೇ, ಬೇರೇನಲ್ಲ.

ಗೌರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವಳು ಫಿಸಿಯೊಥೆರಪಿ ಓದುತ್ತಾಳೆ. ಯಾರಾದರೂ ಮೊಣಕಾಲು ನೋವು ಅಂದರೆ ಬೆನ್ನನ್ನು ನೋಡುವ ಸ್ವಭಾವ. ಅಂದು ಸಂಜೆ ನಾವು ಎಂದಿನಂತೆ ಕೂತಾಗ ಅವಳು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಐದು ಪ್ರಶ್ನೆ ಆದವು, ಐದೂ ಸರಿ.

“ಥಾಂಬ್ ಅಪ್ಪಾ, ತಡಿ” ಅಂದಳು. “ಇನ್ನ ನಾ ಓದ್ತೀನಿ. ನಿನ್ನೆ ಮಾಡಿದ್ವೇ.”

ನಿನ್ನೆಯ ಹತ್ತು ಪ್ರಶ್ನೆ ಅವಳು ಓದಿದಳು. ಮೂರು ಸರಿಯಾದವು.

“ಅಕ್ಷರ ನುಂಗ್ತೀ ನೀನು. ಅವ್ವನಂಗ ಸ್ಪಷ್ಟ ಓದಂಗಿಲ್ಲ” ಎಂದೆ.

“ಹೌದಾ? ಅವ್ವಾ, ನೀನ ಓದು. ಆದ್ರ ವಾಕ್ಯ ಓದಬ್ಯಾಡ. ಬರೇ ನಾಕ ಪದ ಓದು.”

“ವಾಕ್ಯ ಇಲ್ದ ಹೆಂಗ ಹೇಳ್ತಾರ ಹುಚ್ಚಿ?” ಎಂದಳು ಸುಮಂಗಲಾ. ನಾನೂ ಅದನ್ನೇ ಕೇಳಿದೆ. ಗೌರಿ ನಗುತ್ತ, “ಓದು ಅಂದ್ರ ಓದು” ಎಂದಳು.

ಸುಮಂಗಲಾ ವಾಕ್ಯ ಬಿಟ್ಟು ನಾಲ್ಕು ನಾಲ್ಕು ಪದ ಓದುತ್ತ ಹೋದಳು. ಹತ್ತು ಸಲ. ನನಗೆ ಪ್ರಶ್ನೆ ಏನೆಂದು ಗೊತ್ತಿರಲಿಲ್ಲ, ಪದಗಳ ಅರ್ಥವೂ ಗೊತ್ತಿರಲಿಲ್ಲ. ಒಂಬತ್ತು ಸರಿಯಾದವು. ಹತ್ತನೆಯದು ತಪ್ಪಿದ್ದು ಅವಳಿಗೆ ಸೀನು ಬಂದದ್ದರಿಂದ.

ಆಗಲೇ ನಾನು ಹದಿನಾರು ದಿನಗಳಿಂದ ಏನು ನೋಡುತ್ತಿದ್ದೆನೆಂಬುದು ಒಂದೊಂದಾಗಿ ನೆನಪಾಯಿತು. ತಪ್ಪು ಪದಗಳನ್ನು ಅವಳು ಬಾಡಿದ ಸೊಪ್ಪಿನ ಕಟ್ಟಿನಂತೆ ಬೇಗ ಬೇಗ ಆಚೆ ಹಾಕುತ್ತಿದ್ದಳು. ತೀರ ತಪ್ಪಿದ್ದಕ್ಕೆ ತುಟಿಯ ಬಲಗಡೆ ಸ್ವಲ್ಪ ಕೆಳಗಿಳಿಯುತ್ತಿತ್ತು. ಸರಿಯಾದ ಪದ ಬಂದಾಗ ಎಡಗಣ್ಣಿನ ಹುಬ್ಬು ಒಂದು ಎಳೆಯಷ್ಟು ಮೇಲೇರುತ್ತಿತ್ತು. ಎಲ್ಲಕ್ಕಿಂತ ಮುಖ್ಯ ಸೂಜಿ. ನಾನು ‘ಬಿ’ ಎಂದು ಬಾಯಿ ತೆರೆದಾಗ ಅವಳ ಕೈಯ ಸೂಜಿ ಓಡುತ್ತಲೇ ಇದ್ದರೆ, ‘ಅಲ್ಲಲ್ಲ, ಸಿ’ ಅನ್ನುತ್ತಿದ್ದೆ. ಸೂಜಿ ನಿಂತರೆ ಅದೇ ಉತ್ತರ. ಇದನ್ನು ನಾನು ಬೇಕೆಂದು ಮಾಡಲಿಲ್ಲ, ಪ್ರಮಾಣ ಮಾಡಿ ಹೇಳುತ್ತೇನೆ. ಇಪ್ಪತ್ನಾಲ್ಕು ವರ್ಷ ಒಂದೇ ಮನೆಯಲ್ಲಿ ಬಾಳಿದವನ ಕಣ್ಣು ತನ್ನಷ್ಟಕ್ಕೆ ತಾನು ಮಾಡಿದ ಕೆಲಸ ಅದು.

ಸುಮಂಗಲಾ ಮೊದಲು ನಕ್ಕಳು. “ಹೊಸಾ ಸೀರಿ ಉಟ್ರ ತಿರುಗಿ ನೋಡಂಗಿಲ್ಲ, ಹುಬ್ಬು ನೋಡ್ಯಾರಂತ, ಹುಬ್ಬು!” ಎಂದಳು. ಆಮೇಲೆ ನಗು ನಿಂತಿತು. “ಅಂದ್ರ ನನ್ನ ಮನಸಿನಾಗಿದ್ದದ್ದೆಲ್ಲಾ ಮಾರಿ ಮ್ಯಾಲೆ ಕಾಣಸ್ತದೇನ್ರಿ?” ಎಂದು ಕೇಳಿದಳು. ಕಾಣಿಸುತ್ತದೆ ಎಂದೆ. ಅವಳು ಸೂಜಿಯನ್ನು ಸೀರೆಗೆ ಚುಚ್ಚಿಟ್ಟಳು. “ಹೋದ ತಿಂಗಳ ನಿಮ್ಮ ಅಕ್ಕಾರು ಬಂದಾಗ, ಇನ್ನ ನಾಕ ದಿನ ಇರ್ರಿ ಅಂದ್ನೆಲ್ಲಾ, ಆಗೂ?”

ಇಲ್ಲಿ ನಾನು ಸುಮ್ಮನಿರಬಹುದಾಗಿತ್ತು. ಆದರೆ ಆ ಸಂಜೆ ಎಲ್ಲ ಸತ್ಯವೂ ಹೊರಬರುತ್ತಿದ್ದ ಹೊತ್ತು. “ಆಗೂ. ಅಕ್ಕ ಅದಕ್ಕ ಮರುದಿನಾನ ಹುಬ್ಬಳ್ಳಿ ಗಾಡಿ ಹತ್ತಿದ್ಳು” ಎಂದೆ. ಗೌರಿ ಬಾಗಿಲಿನಿಂದ ಮೆಲ್ಲನೆ ಸರಿದು ಹೋದಳು.

ಅಂದಿನಿಂದ ಅಭ್ಯಾಸದ ರೀತಿ ಬದಲಾಯಿತು. ಸುಮಂಗಲಾ ಗೋಡೆಯ ಕಡೆ ಮುಖ ಮಾಡಿ ಕೂತು ಓದತೊಡಗಿದಳು. ಮೊದಲೆರಡು ದಿನ ನಾನು ಅವಳ ತುರುಬಿನಲ್ಲೂ ಏನಾದರೂ ಕಂಡೀತೇ ಎಂದು ನೋಡಿದೆ, ಕಾಣಲಿಲ್ಲ. ಆರು ಸರಿಯಾದವು, ಏಳಾದವು. ಬೇರೆ ದಾರಿಯಿಲ್ಲದೆ ಪದಗಳನ್ನೇ ಕಲಿಯಬೇಕಾಯಿತು. ಒಂದೊಂದು ಪದಕ್ಕೂ ಪರಿಚಯದವರೊಬ್ಬರನ್ನು ಗಂಟುಹಾಕಿದೆ. ಮೊಂಡುತನದ ಪದಕ್ಕೆ ನಮ್ಮ ಮನೆಮಾಲೀಕರು, ಅಲ್ಪಾಯುವಿನ ಪದಕ್ಕೆ ಓಣಿಗೆ ಹಾಕಿದ ಡಾಂಬರು. ಒಂಬತ್ತಾದವು, ಹತ್ತಾದವು. ಪರೀಕ್ಷೆಯ ಹಿಂದಿನ ಸಂಜೆ ಹನ್ನೊಂದಕ್ಕೆ ಬಂದು ನಿಂತವು. ಹನ್ನೊಂದೆಂದರೆ ಪೌಣೆ ಆರರ ಬಸ್ಸು. ಗೋಡೆ ಕಡೆ ತಿರುಗಿಕೊಂಡೇ ಸುಮಂಗಲಾ, “ಇನ್ನೊಂದ ಬರ್ತದ, ಬಿಡ್ರಿ” ಅಂದಳು.

ಪರೀಕ್ಷೆ ಕೊಂಢವಾ ಬಡಾವಣೆಯ ಒಂದು ಕಂಪ್ಯೂಟರ್ ಕೇಂದ್ರದಲ್ಲಿತ್ತು. ಪಕ್ಕದಲ್ಲಿ ಕಟ್ಟಡ ಏಳುತ್ತಿತ್ತು, ಡ್ರಿಲ್ಲಿನ ಸದ್ದಿಗೆ ಮೇಜೇ ನಡುಗುತ್ತಿತ್ತು. ಹನ್ನೊಂದು ವಾಕ್ಯಗಳಿಗೆ ಗೊತ್ತಿದ್ದ ಉತ್ತರ ಒತ್ತಿದೆ. ಒಂಬತ್ತು ಉಳಿದವು. ಗಡಿಯಾರದಲ್ಲಿ ಆರು ನಿಮಿಷ ಇತ್ತು. ಆಗ ನಾನು ಕಣ್ಣು ಮುಚ್ಚಿ, ಚಾಪೆ, ಸೀರೆಯ ಅಂಚು, ದಾರದ ಡಬ್ಬಿ ಎಲ್ಲವನ್ನೂ ಜೋಡಿಸಿಕೊಂಡು, ಸುಮಂಗಲಾಳನ್ನು ಎದುರಿಗೆ ಕೂರಿಸಿ, ಆ ನಾಲ್ಕು ಪದಗಳನ್ನು ಅವಳ ಬಾಯಿಂದ ಓದಿಸಿದೆ. ಕೆಲವಕ್ಕೆ ಸೂಜಿ ನಿಂತಿತು, ಕೆಲವಕ್ಕೆ ಇಲ್ಲ. ನಿಂತಲ್ಲಿ ಒತ್ತಿದೆ. ನಿಲ್ಲದ ಕಡೆ ‘ಸಿ’ ಒತ್ತಿದೆ. ಹದಿಮೂರು ಸರಿಯಾದವೆಂದು ಪರದೆ ತೋರಿಸಿತು. ಅದರಲ್ಲಿ ನನ್ನವು ಎಷ್ಟು, ಅವಳವು ಎಷ್ಟು ಎಂದು ಅದು ಹೇಳಲಿಲ್ಲ.

ರಿಕ್ಷಾ ಮಾಡಿಕೊಂಡು ಮನೆಗೆ ಬಂದು ಸುದ್ದಿ ಹೇಳಿದೆ. ಗೌರಿ ಕುಣಿದಳು. ಸುಮಂಗಲಾ, “ಛಲೋ ಆತು” ಎಂದಳು. ನಾನು ಅವಳ ಮುಖ ನೋಡಿದೆ. ಹುಬ್ಬು ಇದ್ದಲ್ಲೇ ಇತ್ತು, ತುಟಿ ಇದ್ದಲ್ಲೇ ಇತ್ತು, ಸೂಜಿ ಒಂದೇ ವೇಗದಲ್ಲಿ ಓಡುತ್ತಿತ್ತು. ಹನ್ನೆರಡು ದಿನ ಗೋಡೆಯ ಮುಂದೆ ಕೂತು ಅವಳೂ ಏನೋ ಅಭ್ಯಾಸ ಮಾಡಿದ್ದಾಳೆ ಎಂಬುದು ನನಗೆ ಆಗ ತಿಳಿಯಿತು. ಅವಳೂ ಪಾಸಾಗಿದ್ದಳು.

ಶಹರದಲ್ಲೇ ಉಳಿದಿದ್ದೇನೆ, ಹೊಸ ಕುರ್ಚಿಯೂ ಬಂದಿದೆ. ಕಳೆದ ಭಾನುವಾರ ಆಫೀಸಿನವರು, ಸಿಂಹಗಡ ಕೋಟೆ ಹತ್ತಿ ಪಿಠಲಾ ಭಾಕರಿ ತಿಂದು ಬರೋಣ ಎಂದರು. ಬೆಳಿಗ್ಗೆ ಒಂದು ಕಾಲಿಗೆ ಬೂಟು ಹಾಕಿಕೊಂಡು, “ಹೋಗಿ ಬರ್ಲೇನು?” ಎಂದು ಕೇಳಿದೆ. “ಹೋಗ್ರಿ” ಎಂದಳು. ಮೊದಲಾಗಿದ್ದರೆ ಆ ‘ಹೋಗ್ರಿ’ ಯಾವ ಜಾತಿಯದೆಂದು ಹುಬ್ಬು ಹೇಳುತ್ತಿತ್ತು. ಈಗ ಬರೀ ಮಾತಿತ್ತು. ಒಂದು ಬೂಟಿನಲ್ಲಿ ಬಹಳ ಹೊತ್ತು ನಿಂತೆ. ಕೆಳಗೆ ಆಫೀಸಿನವರ ಗಾಡಿಯ ಹಾರ್ನು ಮೂರು ಸಲ ಕೇಳಿಸಿತು, ನಾಲ್ಕನೆಯ ಸಲ ಕೇಳಿಸಲಿಲ್ಲ. ನಾನು ಬೂಟು ಬಿಚ್ಚಿದೆ. “ಯಾಕ, ಹೋಗ್ಲಿಲ್ಲೇನು?” ಎಂದು ಅವಳು ತಲೆ ಎತ್ತದೆ ಕೇಳಿದಳು. ಉತ್ತರ ಸರಿಯಾಯಿತೋ ತಪ್ಪಾಯಿತೋ ನನಗಿನ್ನೂ ಗೊತ್ತಿಲ್ಲ. ಮಧ್ಯಾಹ್ನದ ಊಟಕ್ಕೆ ನನಗೆ ಇಷ್ಟವಾದ ಬದನೆಕಾಯಿ ಎಣ್ಣೆಗಾಯಿ ಇತ್ತು. ಆದರೆ ಇದ್ದದ್ದನ್ನು ಇದ್ದಂತೆ ಹೇಳಬೇಕಾದರೆ, ಆ ಬದನೆಕಾಯಿ ಶನಿವಾರವೇ, ಹೋಗಿ ಬರಲೇ ಎಂದು ನಾನು ಕೇಳುವ ಮೊದಲೇ, ತಂದಿಟ್ಟದ್ದು.