ಅವ್ವನ ಕಿಡ್ನಿಯೂ ನನ್ನ ಸಕ್ಕರೆಯೂ

ಮನುಷ್ಯ ಯಾವ್ಯಾವುದಕ್ಕೆ ಹೆಮ್ಮೆಪಡುತ್ತಾನೆ ಎಂದು ಹೇಳಲಾಗದು. ನಾನಂತೂ ಇಪ್ಪತ್ತಾರನೆಯ ವಯಸ್ಸಿನಲ್ಲಿ ಉಚ್ಚೆ ಹೊಯ್ಯುವುದಕ್ಕೆ ಹೆಮ್ಮೆಪಡುತ್ತಿದ್ದೆ. ನಗಬೇಡಿ. ಎರಡು ವರ್ಷ ಡಯಾಲಿಸಿಸ್ ಮಾಡಿಸಿಕೊಂಡು, ಕುಡಿಯುವ ನೀರನ್ನೂ ಲೋಟದಲ್ಲಿ ಅಳೆದು ಕುಡಿದವನಿಗೆ ಅದರ ಸುಖ ಗೊತ್ತು. ಕೊನೆಗೆ, ಸಿಂಧಘಟ್ಟದಲ್ಲಿ ಎರಡು ಹಸು ಕಟ್ಟಿಕೊಂಡಿದ್ದ ನಮ್ಮವ್ವ ತನ್ನದೊಂದು ಕಿಡ್ನಿ ಕೊಟ್ಟಳು. ಡಾಕ್ಟರು ಆಪರೇಷನ್ನಿನ ಅಪಾಯಗಳನ್ನೆಲ್ಲ ವಿವರಿಸಿದರೆ, ಎಷ್ಟು ದಿನ ಹಾಲು ಕರೆಯಬಾರದು ಎಂದಷ್ಟೇ ಕೇಳಿದಳು.

ಐದು ತಿಂಗಳಿಗೆ ಶ್ರೀರಂಗಪಟ್ಟಣದ ಕಚೇರಿಯ ಗುಮಾಸ್ತ ಕೆಲಸಕ್ಕೆ ಮರಳಿದೆ. ಗಂಟೆಗೆರಡು ಸಲ ಎದ್ದು ಹೋಗುತ್ತಿದ್ದೆ. ಯಾರಾದರೂ ಕೇಳಿದರೆ, ಅವ್ವನ ಕಿಡ್ನಿ ಅವ್ವನ ಹಾಗೆಯೇ, ಒಂದು ಗಳಿಗೆ ಸುಮ್ಮನೆ ಕೂರುವುದಿಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದೆ. ಬಾಯಾರಿಕೆಯೂ ವಿಪರೀತ. ಎರಡು ವರ್ಷ ಕುಡಿಯದ ನೀರನ್ನು ಮೈ ಈಗ ಕೇಳುತ್ತಿದೆ ಎಂದುಕೊಂಡೆ. ತಪಾಸಣೆಗೆ ಹೋದಾಗ ಇದನ್ನೆಲ್ಲ ಸಾಧನೆಯಂತೆ ವರದಿ ಮಾಡಿದೆ. ಡಾಕ್ಟರು ನಗಲಿಲ್ಲ, ರಕ್ತ ಪರೀಕ್ಷೆಗೆ ಬರೆದರು. ಸಕ್ಕರೆ ಮುನ್ನೂರೈವತ್ತು ದಾಟಿತ್ತು. ಇನ್ಸುಲಿನ್ ಶುರುವಾಯಿತು.

ಸೂಜಿಗಿಂತ ಅವ್ವನಿಗೆ ಹೇಳುವುದೇ ಕಷ್ಟವಾಯಿತು. "ಕಿಡ್ನಿ ಜೊತೆಗೆ ಸಕ್ಕರೆ ಕಾಯ್ಲೆನೂ ನಾನೇ ಕೊಟ್ಬುಟ್ನೇನ್ಲಾ, ಮಗಾ?" ಎಂದಳು. ಅವಳಿಗೆ ಸಕ್ಕರೆಯಿಲ್ಲವೆಂದು ಮೊದಲೇ ಪರೀಕ್ಷಿಸಿದ್ದರಲ್ಲ ಎಂದರೂ ಒಪ್ಪಲಿಲ್ಲ. ಸರಿಯಾಗಿ ಉಣ್ಣುವುದನ್ನೂ ಬಿಟ್ಟಳು. ಮುಂದಿನ ಸಲ ಅವಳನ್ನೇ ಡಾಕ್ಟರ ಎದುರು ಕೂರಿಸಿದೆ. "ನಿಮ್ಮ ಕಿಡ್ನಿ ಚೆನ್ನಾಗಿದೆ, ಅಮ್ಮ. ಅದನ್ನ ಮೈ ತಳ್ಳಿಬಿಡದ ಹಾಗೆ ಕೊಡೋ ಮಾತ್ರೆಗಳಿಂದ ಸಕ್ಕರೆ ಏರಿದೆ. ಚಿಕ್ಕ ವಯಸ್ಸಿನವರಿಗೂ ಹೀಗಾಗುತ್ತೆ" ಎಂದರು. ಮಾತ್ರೆ ಬಿಡುವಂತಿಲ್ಲ, ಸಕ್ಕರೆಯನ್ನು ಹಿಡಿತದಲ್ಲಿಡಬೇಕು, ಅಷ್ಟೇ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅಂಗಾದ್ರೆ ನನ್ ತಪ್ಪೇನೂ ಇಲ್ವಾ?" ಎಂದಳು. ಮೈಯನ್ನೇ ಕೊಯ್ದು ಕೊಟ್ಟವಳು ಹಾಗೆ ಕೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ.

ಅಂದಿನಿಂದ ನನ್ನ ಬಾಯಿಯ ಆಡಳಿತ ಅವ್ವನದು. ಅಕ್ಷರ ಬರದವಳು ಸಕ್ಕರೆ ನೋಡುವ ಮೆಷಿನ್ನಿನ ಅಂಕಿ ಓದಲು ಕಲಿತಳು. ಅವಳ ದಯೆಯಿಂದ ಈಗ ಸಕ್ಕರೆಯೂ ಇಳಿದಿದೆ, ಇನ್ಸುಲಿನ್ನೂ ಕಡಿಮೆಯಾಗಿದೆ. ಮೊನ್ನೆ ಪಾಂಡವಪುರಕ್ಕೆ ಕೆಲಸದ ಮೇಲೆ ಹೋದವನು ಆಲೆಮನೆಯಲ್ಲಿ ಬಿಸಿ ಬೆಲ್ಲ ತಿಂದು, ಬಾಯಿ ತೊಳೆದುಕೊಂಡು ಸಾಧುವಿನಂತೆ ಮನೆಗೆ ಬಂದೆ. ಅವ್ವ ಬೆರಳು ಚುಚ್ಚಿ, ಅಂಕಿ ನೋಡಿ, "ಯಾವ ಆಲೆಮನೆಗ್ಲಾ ಓಗಿದ್ದೆ?" ಎಂದಳು. ಆಮೇಲೆ ಅರ್ಧ ಗಂಟೆ ಬೈದಳು. ಇದನ್ನು ಕೇಳುವುದಕ್ಕಾದರೂ ಬದುಕಿದ್ದೇನಲ್ಲ ಎಂದು ಕೈಕಟ್ಟಿ ಕೇಳಿದೆ. ಹೊಟ್ಟೆಯೊಳಗೇ ಅವಳ ಕಡೆಯವನೊಬ್ಬನನ್ನು ಇಟ್ಟುಕೊಂಡು ತಿರುಗುವವನು ಸುಳ್ಳು ಹೇಳುವುದಾದರೂ ಹೇಗೆ? ಒಂದೇ ಚೂರು ತಿಂದೆ ಎಂದು ಒಪ್ಪಿಕೊಂಡೆ. ಎರಡು ಎಂಬುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ.