ಡೊಬ್ರಿಯ ಇಪ್ಪತ್ತಮೂರು ಕಿಲೋ

ತಾನು ದಪ್ಪಗಿದ್ದೇನೆ ಎಂಬ ದೂರು ಡೊಬ್ರಿಗೆ ಎಂದೂ ಇರಲಿಲ್ಲ. ದೂರು ಇದ್ದದ್ದು ಅವನ ಕಾರಿಗೆ.

ಸೆವ್ಲಿಯೆವೊ ಊರಿನಲ್ಲಿ ಇಪ್ಪತ್ತೇಳು ವರ್ಷಗಳಿಂದ ಡ್ರೈವಿಂಗ್ ಕಲಿಸುತ್ತಿದ್ದ ಈ ಮಹಾನುಭಾವ ಬೆಳಿಗ್ಗೆ ಎಂಟಕ್ಕೆ ಆ ಪುಟ್ಟ ಬಿಳಿ ಕಾರಿನ ಬಲಗಡೆ, ಕಲಿಸುವವನ ಸೀಟಿನಲ್ಲಿ (ಅಲ್ಲಿ ಸ್ಟಿಯರಿಂಗ್ ಎಡಗಡೆ, ಓಡಿಸುವುದು ರಸ್ತೆಯ ಬಲಗಡೆ) ವಿರಾಜಮಾನನಾದನೆಂದರೆ, ಕಾರು ನಿಟ್ಟುಸಿರು ಬಿಟ್ಟು ಬಲಕ್ಕೆ ವಾಲುತ್ತಿತ್ತು. ಅವನ ಶಿಷ್ಯರೆಲ್ಲ ಸ್ಟಿಯರಿಂಗನ್ನು ಕೂದಲೆಳೆಯಷ್ಟು ಎಡಕ್ಕೆ ಹಿಡಿದೇ ಓಡಿಸಲು ಕಲಿತರು. ಪರೀಕ್ಷೆಯ ದಿನ ಅದೇ ಸೀಟಿಗೆ ಸಣಕಲು ಪರೀಕ್ಷಕರು ಬಂದು ಕೂತಾಗ ಕಾರು ನೆಟ್ಟಗಾಗುತ್ತಿತ್ತು, ಶಿಷ್ಯರು ಎದುರಿನ ಲಾರಿಯನ್ನು ಮಾತನಾಡಿಸಲು ಹೊರಡುತ್ತಿದ್ದರು. (ಫೇಲಾದವರು ಯಾರೂ ಡೊಬ್ರಿಯನ್ನು ಬೈಯಲಿಲ್ಲ. ಅಷ್ಟು ಒಳ್ಳೆಯ ಮನುಷ್ಯ.) ಆ ಊರಿನ ಕುಂಬಳಕಾಯಿ ಸುತ್ತಲೆಲ್ಲ ಹೆಸರುವಾಸಿ. ಹೊರಗಿನಿಂದ ಬಂದವರು ಡೊಬ್ರಿಯನ್ನು ಕಂಡ ಮೇಲೆ ಹೊಲದವರೆಗೆ ಹೋಗುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ.

ತೂಕ ಇಳಿಸುವ ವಿದ್ಯೆ ಅವನಿಗೆ ಬರುತ್ತಿರಲಿಲ್ಲ ಎಂದಲ್ಲ. ಒಂದು ವರ್ಷ ಎಲೆಕೋಸಿನ ಸೂಪನ್ನೇ ಮೂರು ಹೊತ್ತು ಕುಡಿದು ಒಂಬತ್ತು ಕಿಲೋ ಇಳಿಸಿದ್ದ. ಇನ್ನೊಂದು ವರ್ಷ ಬರೀ ಸೇಬು ತಿಂದು ಏಳು ಕಿಲೋ. ಆದರೆ ಹೋದ ಕಿಲೋಗಳು ನಾಲ್ಕು ದಿನ ಊರು ಸುತ್ತಿ, ಬರುವಾಗ ನೆಂಟರಿಷ್ಟರನ್ನೂ ಕರೆದುಕೊಂಡು ವಾಪಸು ಬರುತ್ತಿದ್ದವು. ಡೊಬ್ರಿ ಬಂದವರನ್ನು ಬೇಡ ಎನ್ನುವ ಜಾಯಮಾನದವನಲ್ಲ.

ಹೀಗಿರುವಾಗ ಅವನ ಡ್ರೈವಿಂಗ್ ಶಾಲೆಯ ಪರವಾನಗಿಗೆ ಡಾಕ್ಟರ ಸಹಿ ಬೇಕಾಯಿತು. ಪಾಲಿಕ್ಲಿನಿಕ್ಕಿನ ಡಾಕ್ಟರ್ ಮಾರ್ತಿನೊವಾ ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. ನೂರ ಇಪ್ಪತ್ತನಾಲ್ಕು.

"ಡೊಬ್ರಿಯವರೇ, ಈಗ ಹೊರಗೆ ಬೆಂಚಿನ ಮೇಲೆ ಪಕ್ಕದವರಿಗೆ ಕ್ಲಚ್ಚಿನ ಬಗ್ಗೆ ಹೇಳ್ತಾ ಹೇಳ್ತಾ ನಿದ್ದೆ ಹೋದ್ರಂತೆ."

"ಕ್ಲಚ್ಚಿನ ವಿಷಯವೇ ಹಾಗೆ ಡಾಕ್ಟ್ರೇ. ಕೇಳೋರಿಗೂ ನಿದ್ದೆ ಬರುತ್ತೆ."

"ಕೇಳೋರು ಎಚ್ಚರವಾಗೇ ಇದ್ರು. ಅವರೇ ಬಂದು ನನಗೆ ಹೇಳಿದ್ದು." ಡಾಕ್ಟರು ಪೆನ್ನು ಕೆಳಗಿಟ್ಟರು. "ನಿದ್ದೆಯಲ್ಲಿ ನಿಮಗೆ ಉಸಿರು ನಿಂತು ನಿಂತು ಹೋಗ್ತಿದೆ. ತೂಕ ಇರೋ ತನಕ ತೂಕಡಿಕೆನೂ ಇರುತ್ತೆ. ತೂಕಡಿಸೋರ ಪಕ್ಕದಲ್ಲಿ ಕಲಿಯೋರನ್ನ ಕೂರಿಸೋಕೆ ನಾನು ಸಹಿ ಹಾಕಲ್ಲ. ಇಳಿಸಿ. ಇಳಿಸಿದ್ದನ್ನ ಆರು ತಿಂಗಳು ಇಳಿದ ಹಾಗೇ ಇಟ್ಕೊಂಡು ಬನ್ನಿ. ಇಳಿಸೋದು ನೀವು ಎಷ್ಟೋ ಸಲ ಮಾಡಿದ್ದೀರಿ, ಇಟ್ಕೊಳ್ಳೋದು ಒಂದ್ಸಲ ಮಾಡಿ ತೋರಿಸಿ."

ಕಾರು ಬೇರೆ ಶಿಕ್ಷಕನ ಪಾಲಾಯಿತು. ಡೊಬ್ರಿ ಇನ್ನು ಕೊಠಡಿಯೊಳಗೆ ಕೋಲು ಹಿಡಿದು ರಸ್ತೆಯ ಚಿಹ್ನೆಗಳ ಪಾಠ ಮಾಡಬೇಕು. ಕಿಟಕಿಯ ಆಚೆ ತನ್ನ ಬಿಳಿ ಕಾರು ಬೆನ್ನು ನೆಟ್ಟಗೆ ಮಾಡಿಕೊಂಡು ಹೋಗುವುದನ್ನು ಕಂಡಾಗ ಅವನ ಕೋಲು ತಪ್ಪು ಚಿಹ್ನೆಗೆ ತಗುಲಿತು.

ಅವನ ಹೆಂಡತಿ ಗಿನ್ಕಾ ಅದೇ ಪಾಲಿಕ್ಲಿನಿಕ್ಕಿನಲ್ಲಿ ನರ್ಸು. ಊರಿನ ಸಮಸ್ತ ಪ್ರಜೆಗಳಿಗೂ ಇಂಜೆಕ್ಷನ್ ಚುಚ್ಚುವ ಕೈ ಅವಳದು. ಡಾಕ್ಟರು ಇಷ್ಟೆಲ್ಲ ಹೇಳುವಾಗ ಅವಳು ಬಾಗಿಲ ಬಳಿ ನಿಂತು ಒಂದೇ ಒಂದು ಮಾತೂ ಆಡಲಿಲ್ಲ. ಮೂವತ್ತನಾಲ್ಕು ವರ್ಷ ಅವಳ ಜೊತೆ ಬಾಳಿದ ಡೊಬ್ರಿಗೆ ಇದರ ಅರ್ಥ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮನೆಗೆ ಬಂದವನೇ ಅವನು ಮೇಜು ಕುಟ್ಟಿ ಪ್ರತಿಜ್ಞೆ ಮಾಡಿದ. "ಇವತ್ತಿನಿಂದ ನನ್ನ ನಾಲಿಗೆ ನನ್ನ ಆಜ್ಞೆಯಲ್ಲಿರುತ್ತೆ, ಗಿನ್ಕಾ."

"ಇರಲಿ ಮಾರಾಯ," ಎಂದಳು ಗಿನ್ಕಾ. ಮೇಜಿನ ಮೇಲೆ ಸೌತೆಕಾಯಿ ಹಾಕಿದ ತಣ್ಣನೆಯ ಮೊಸರಿನ ಸೂಪು ಬಂದು ಕೂತಿತು. ಮರುದಿನ ಬೇಯಿಸಿದ ಹುರುಳಿಕಾಯಿ. ಅದರ ಮರುದಿನ ಸೌತೆಕಾಯಿಯೂ ಹುರುಳಿಕಾಯಿಯೂ ಕೈ ಕೈ ಹಿಡಿದುಕೊಂಡು ಬಂದವು.

ನಾಲ್ಕನೆಯ ದಿನ ಬೆಳಿಗ್ಗೆ ಡೊಬ್ರಿಯ ಆಜ್ಞೆಯಲ್ಲಿದ್ದ ನಾಲಿಗೆ ಅವನನ್ನು ಗಡಿಯಾರದ ಗೋಪುರದ ಬಳಿ ಸ್ತೆಫ್ಕಾಳ ಬೇಕರಿಗೆ ಕರೆದುಕೊಂಡು ಹೋಯಿತು. ಪದರ ಪದರದ ನಡುವೆ ಚೀಸು ತುಂಬಿ ಸುಟ್ಟ ಬನಿತ್ಸಾದ ಪರಿಮಳ ಬೀದಿಯ ತಿರುವಿನಲ್ಲೇ ಅವನ ಕೋಟು ಹಿಡಿದು ಎಳೆಯಿತು.

"ಒಂದು ಬನಿತ್ಸಾ ಕೊಡಮ್ಮ ಸ್ತೆಫ್ಕಾ. ಚಿಕ್ಕದು ಸಾಕು."

"ಈಗ ತಾನೇ ಮುಗೀತು ಡೊಬ್ರಿಯಣ್ಣ."

"ಏಳೂವರೆಗೇ?"

"ಜನಕ್ಕೆ ಹಸಿವು ಜಾಸ್ತಿಯಾಗಿದೆ. ನಾನೇನು ಮಾಡ್ಲಿ."

ಅಲ್ಲಿಂದ ಹೊಳೆಯ ದಾರಿಯಲ್ಲಿ ಲ್ಯುಬೆನ್‌ನ ಮಾಂಸದಂಗಡಿ. ಕೊಚ್ಚಿದ ಮಾಂಸವನ್ನು ಉದ್ದಕ್ಕೆ ಹೊಸೆದ ಕೆಬಾಪ್ಚೆಯನ್ನು ಕಬ್ಬಿಣದ ಸರಳುಗಳ ಮೇಲೆ ಸುಡುವುದರಲ್ಲಿ ಅವನಿಗೆ ಸಮನಾದವರಿಲ್ಲ.

"ಗ್ಯಾಸ್ ಇಲ್ಲ ಅಣ್ಣ ಇವತ್ತು," ಎಂದ ಲ್ಯುಬೆನ್, ಬಾಗಿಲಿಗೆ ಅಡ್ಡ ನಿಂತು.

"ಒಳಗಡೆ ಹೊಗೆ ಬರ್ತಿದೆಯಲ್ಲಪ್ಪ?"

"ಅದಾ? ಅದು ನಿನ್ನೆಯದು."

ಡೊಬ್ರಿ ಮಾರುಕಟ್ಟೆಗೆ ಹೋದ. ಅಲ್ಲಿಂದ ಬಸ್ ನಿಲ್ದಾಣಕ್ಕೆ. ಅಲ್ಲಿಂದ ಊರಾಚೆಯ ಪೆಟ್ರೋಲ್ ಬಂಕಿನವರೆಗೂ ಹೋದ. ಎಲ್ಲಿ ಹೋದರೂ ಒಂದೋ ಮುಗಿದಿದೆ, ಇಲ್ಲವೋ ಇನ್ನೂ ಆಗಿಲ್ಲ, ಇಲ್ಲವೋ ಒಲೆ ಕೆಟ್ಟಿದೆ. ತನ್ನ ಊರಿಗೆ ಇಂಥ ಕ್ಷಾಮ ಬಂದಿದ್ದರೂ ಪೇಪರಿನವರು ಒಂದಕ್ಷರ ಬರೆಯುತ್ತಿಲ್ಲವಲ್ಲ ಎಂದು ಅವನಿಗೆ ಬೇಸರವಾಯಿತು. ಒಂದು ತುಂಡು ಬನಿತ್ಸಾಕ್ಕಾಗಿ ಅವನು ಹೀಗೆ ದಿನಕ್ಕೆ ಆರೇಳು ಕಿಲೋಮೀಟರ್ ತಿರುಗಿದ. ತಿರುಗಿ ತಿರುಗಿ ಹಸಿವಾಗಿ ಮನೆಗೆ ಬಂದರೆ ಅಲ್ಲಿ ಹುರುಳಿಕಾಯಿ ನಗುನಗುತ್ತಾ ಕಾಯುತ್ತಿತ್ತು.

ಎರಡು ತಿಂಗಳಾಗುವಷ್ಟರಲ್ಲಿ ಶೂ ದಾರವನ್ನು ತಾನೇ ಬಗ್ಗಿ ಕಟ್ಟಿಕೊಂಡ. ಐದನೆಯ ತಿಂಗಳು ಬೆಲ್ಟಿಗೆ ಹೊಸ ತೂತು. ಹುಡುಕಾಟ ನಿಂತುಹೋದರೂ ತಿರುಗಾಟ ನಿಲ್ಲಲಿಲ್ಲ, ಕಾಲಿಗೆ ರೂಢಿಯಾಗಿತ್ತು. ವರ್ಷ ತುಂಬುವ ಮೊದಲೇ ತೂಕದ ಯಂತ್ರ ನೂರ ಒಂದು ತೋರಿಸಿತು. ಆಮೇಲಿನ ಆರು ತಿಂಗಳು ಆ ನೂರ ಒಂದು ಗೋಡೆಗೆ ಹೊಡೆದ ಮೊಳೆಯ ಹಾಗೆ ಅಲುಗಲಿಲ್ಲ. ಪಾಠ ಮಾಡುವಾಗ ಅವನು ತೂಕಡಿಸುವುದು ನಿಂತಿತು. (ಶಿಷ್ಯರು ತೂಕಡಿಸುವುದು ನಿಲ್ಲಲಿಲ್ಲ, ಅದು ಬೇರೆ ಮಾತು.) ಡಾಕ್ಟರು ಸಹಿ ಹಾಕಿದರು. ಡೊಬ್ರಿ ತನ್ನ ಬಿಳಿ ಕಾರಿನಲ್ಲಿ ಕೂತು, ಸ್ವಲ್ಪ ಹೊತ್ತು ಡ್ಯಾಶ್‌ಬೋರ್ಡನ್ನು ಸವರಿದ. ಕಣ್ಣಲ್ಲಿ ನೀರು ಬಂತು. ಸೀಟ್ ಬೆಲ್ಟು ಹಾಕಿಕೊಳ್ಳುವಾಗ ಅದು ಮೊದಲಿನ ಹಾಗೆ ಅವನ ಜೊತೆ ಜಗಳವಾಡಲಿಲ್ಲ.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಡೊಬ್ರಿ ಸುಮ್ಮನಿರಲಿಲ್ಲ. ಊರಿನ ವಾಚನಾಲಯದ ಭವನದಲ್ಲಿ ತಾನೇ ಹೇಳಿ ತನ್ನದೊಂದು ಉಪನ್ಯಾಸ ಏರ್ಪಡಿಸಿಕೊಂಡ. ವಿಷಯ: 'ಸಂಕಲ್ಪಬಲದಿಂದ ಶರೀರಜಯ'. ಶನಿವಾರ ಮಧ್ಯಾಹ್ನ ನಲವತ್ತು ಜನ ಸೇರಿದರು. ಗಿನ್ಕಾ ಕೊನೆಯ ಸಾಲಿನಲ್ಲಿ ಹೆಣಿಗೆ ಹಿಡಿದು ಕೂತಳು.

"ಮನುಷ್ಯನಿಗೆ ಶತ್ರು ಯಾರು? ಅವನ ನಾಲಿಗೆ," ಎಂದು ಡೊಬ್ರಿ ಶುರುಮಾಡಿದ. "ನಾನು ದಿನಾ ಸ್ತೆಫ್ಕಾಳ ಬೇಕರಿಯ ಮುಂದೆ ಹೋಗ್ತಿದ್ದೆ. ಪರಿಮಳ ಕರೀತಿತ್ತು. ಆದರೆ ನನ್ನ ಮನಸ್ಸು ಒಳಗಿನಿಂದ ಹೇಳ್ತು, ಡೊಬ್ರಿ, ಬೇಡ. ನಾನು ತಿರುಗಿಯೂ ನೋಡ್ಲಿಲ್ಲ."

ಎರಡನೆಯ ಸಾಲಿನಲ್ಲಿ ಸ್ತೆಫ್ಕಾ ಕೂತಲ್ಲೇ ಮಿಸುಕಾಡಿದಳು. ಸಹಿಸುವಷ್ಟು ಸಹಿಸಿದಳು. ಆಮೇಲೆ ಎದ್ದು ನಿಂತಳು.

"ಡೊಬ್ರಿಯಣ್ಣ, ಬೇಡ ಅಂದಿದ್ದು ನಿನ್ನ ಮನಸ್ಸಲ್ಲ, ನಾನು. ನಿನ್ನನ್ನ ಕಂಡ ಕೂಡ್ಲೆ ಮೂರು ಮೂರು ತಟ್ಟೆ ಬಿಸಿ ಬನಿತ್ಸಾಕ್ಕೆ ಬಟ್ಟೆ ಹೊದಿಸಿ, ಮುಗೀತು ಅಂತಿದ್ದೆ. ಒಂದೊಂದು ದಿನ ಬಟ್ಟೆಯಿಂದ ಆವಿ ಏಳೋದು, ನೀನು ಅದನ್ನೇ ನೋಡ್ತಾ ನಿಲ್ಲೋದು. ನನಗೆ ಪಾಪ ಅನ್ಸೋದು."

"ನನ್ನ ಕಥೆ ಕೇಳು," ಎಂದು ಲ್ಯುಬೆನ್ ಎದ್ದ. "ಗ್ಯಾಸ್ ಇಲ್ಲ ಗ್ಯಾಸ್ ಇಲ್ಲ ಅಂದಿದ್ದಕ್ಕೆ ಈ ಪುಣ್ಯಾತ್ಮ ನನಗೋಸ್ಕರ ಗ್ಯಾಸಿನ ಕಚೇರಿಗೆ ಅರ್ಜಿ ಬರೆದ. ಅವರು ಬಂದು ತಪಾಸಣೆ ಮಾಡಿಹೋದ್ರು."

"ಯಾರು ನಿಮಗೆ ಹಾಗೆ ಹೇಳೋಕೆ ಹೇಳಿದ್ದು?" ಎಂದ ಡೊಬ್ರಿ. ಕೇಳುವಾಗಲೇ ಉತ್ತರ ಗೊತ್ತಾಗಿಹೋಯಿತು, ಏಕೆಂದರೆ ನಲವತ್ತೂ ತಲೆಗಳು ಒಟ್ಟಿಗೆ ಕೊನೆಯ ಸಾಲಿನ ಕಡೆ ತಿರುಗಿದವು. ಗಿನ್ಕಾ ಹೆಣಿಗೆಯ ಮನೆಗಳನ್ನು ಎಣಿಸುವುದರಲ್ಲಿ ಮಗ್ನಳಾಗಿದ್ದಳು.

"ನಮಗೂ ಬೇರೆ ದಾರಿ ಇರಲಿಲ್ಲ ಕಣಣ್ಣ," ಎಂದ ಲ್ಯುಬೆನ್ ಮೆಲ್ಲಗೆ. "ಯಾರು ಕೊಟ್ರೂ ಅವರಿಗೆ ಮುಂದಿನ ಇಂಜೆಕ್ಷನ್ ದಪ್ಪ ಸೂಜಿಯಲ್ಲಿ ಅಂದ್ಲು ಗಿನ್ಕಕ್ಕ."

ಸಭೆ ನಕ್ಕಿತು. ಉಪನ್ಯಾಸ ಅಲ್ಲಿಗೆ ಮುಕ್ತಾಯವಾಯಿತು. ವಂದನಾರ್ಪಣೆಗೆ ಯಾರೂ ಕಾಯಲಿಲ್ಲ.

ಡೊಬ್ರಿ ಗಿನ್ಕಾಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದು ಮನೆ ಸೇರಿದ. ಅಡುಗೆಮನೆಗೆ ಬಂದ ಮೇಲೆ ಟೋಪಿಯನ್ನು ಮೇಜಿನ ಮೇಲೆ ಎಸೆದ.

"ಇಡೀ ಊರಿಗೆ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ನನ್ನ ಮರ್ಯಾದೆ ಏನಾಯ್ತು, ಯೋಚನೆ ಮಾಡಿದ್ಯಾ?"

"ಮಾಡಿದೆ," ಎಂದಳು ಗಿನ್ಕಾ. "ನಿನ್ನ ಮರ್ಯಾದೆ ಉಳಿಸ್ಕೋಬೇಕಾ ನಿನ್ನನ್ನ ಉಳಿಸ್ಕೋಬೇಕಾ ಅಂತ ಯೋಚನೆ ಮಾಡಿದೆ. ಎರಡೂ ಆಗೋ ಹಾಗೆ ಕಾಣ್ಲಿಲ್ಲ."

"ನನಗೇ ಹೇಳಬಹುದಿತ್ತು."

"ಹತ್ತು ವರ್ಷ ಹೇಳಿದೆ ಡೊಬ್ರಿ." ಅವಳು ಕುರ್ಚಿ ಎಳೆದು ಕೂತಳು. "ಭಾನುವಾರ ಊಟ ಆದ್ಮೇಲೆ ನೀನು ಸೋಫಾ ಮೇಲೆ ಮಲಗ್ತಿದ್ದೆಯಲ್ಲ, ನಾನು ಇಲ್ಲಿ ಪಾತ್ರೆ ತೊಳೀತಿದ್ದೆ. ನಿನ್ನ ಗೊರಕೆ ನಿಂತ ಕೂಡ್ಲೆ ನಲ್ಲಿ ನಿಲ್ಸಿ ಎಣಿಸ್ತಿದ್ದೆ. ಹತ್ತು, ಹನ್ನೆರಡು. ಒಂದ್ಸಲ ಇಪ್ಪತ್ತೆರಡರ ತನಕ ಎಣಿಸಿದೆ. ಆಮೇಲೆ ನೀನು ಉಸಿರು ಎಳ್ಕೊಂಡೆ. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ತಟ್ಟೆ ಬಿದ್ದು ಒಡೆದಿತ್ತು. ನೀನು ಎದ್ದು, ಏನೇ ಅದು ಸದ್ದು, ನಿದ್ದೆ ಹಾಳುಮಾಡಿದೆ ಅಂದೆ."

ಡೊಬ್ರಿಗೆ ಆ ತಟ್ಟೆ ನೆನಪಿತ್ತು. ನೀಲಿ ಅಂಚಿನದು. ಬೈದದ್ದೂ ನೆನಪಿತ್ತು. ಎಸೆದಿದ್ದ ಟೋಪಿಯನ್ನು ಎತ್ತಿ ಗೂಟಕ್ಕೆ ಹಾಕಿದ.

ಗಿನ್ಕಾ ಚಹಾಕ್ಕೆ ನೀರಿಡಲು ಎದ್ದಳು. ಅಂದು ಮಧ್ಯಾಹ್ನದವರೆಗೂ ಡ್ಯೂಟಿ ಇದ್ದುದರಿಂದ ಅವಳು ಇನ್ನೂ ನರ್ಸಿನ ಬಿಳಿಯಂಗಿಯಲ್ಲೇ ಇದ್ದಳು. ಡೊಬ್ರಿ ಅವಳನ್ನು ಬಹಳ ದಿನಗಳ ಮೇಲೆ ಸರಿಯಾಗಿ ನೋಡಿದ. ಸೊಂಟದ ಬಳಿ ಎರಡು ಗುಂಡಿಗಳಿರಬೇಕಾದ ಕಡೆ ಎರಡು ಪಿನ್ನುಗಳಿದ್ದವು.

"ಇದೇನೇ?"

"ಏನಿಲ್ಲ."

"ಗಿನ್ಕಾ."

ಅವಳು ಬೆನ್ನು ತಿರುಗಿಸಿಕೊಂಡೇ ಹೇಳಿದಳು. "ಚುಚ್ಚಿಸಿಕೊಂಡವರು ಅದೇನು ಪ್ರೀತಿಯೋ, ಡಬ್ಬಿ ಡಬ್ಬಿ ತಂದುಕೊಡ್ತಾರೆ. ಕೇಕು, ಬನಿತ್ಸಾ, ಹುರಿದ ಮಾಂಸ. ಮನೆಗೆ ತಂದ್ರೆ ನೀನಿದ್ದೀಯ. ಬಿಸಾಕೋಕೆ ಮನಸ್ಸು ಬರಲ್ಲ. ಅಲ್ಲೇ ಔಷಧಿ ಕಪಾಟಿನ ಹಿಂದೆ ನಿಂತು ಮುಗಿಸಿ ಬರ್ತಿದ್ದೆ. ಇಲ್ಲಿ ಬಂದು ನಿನ್ನ ಜೊತೆ ಹುರುಳಿಕಾಯಿನೂ ತಿನ್ತಿದ್ದೆ, ಅನುಮಾನ ಬರಬಾರದು ಅಂತ. ಹನ್ನೊಂದು ಕಿಲೋ ಏರಿದೆ." ಒಲೆ ಹಚ್ಚಿ ಸೇರಿಸಿದಳು. "ನಿನ್ನದು ಇಳಿದಿದ್ದರಲ್ಲಿ ಅರ್ಧ ಮನೆಯಲ್ಲೇ ಇದೆ. ಎಲ್ಲೂ ಹೋಗಿಲ್ಲ."

ಡೊಬ್ರಿ ನಗಲು ಹೋದ, ಆಗಲಿಲ್ಲ. ತನ್ನ ಭಾರವನ್ನು ಅವಳು ಅಕ್ಷರಶಃ ಹೊತ್ತಿದ್ದಳು.

ಸೋಮವಾರ ಬೆಳಿಗ್ಗೆ ಅವನು ಶೂರನಂತೆ ಹೊರಟ. ಈ ಸಲ ರಕ್ಷಕನ ಪಾತ್ರ ತನ್ನದು. ಸ್ತೆಫ್ಕಾಳ ಬೇಕರಿಗೆ ಹೋಗಿ ದನಿ ತಗ್ಗಿಸಿ ಹೇಳಿದ: "ಇನ್ನು ಮೇಲೆ ಗಿನ್ಕಾಗೆ ಏನೂ ಕೊಡಬೇಡ. ಮುಗೀತು ಅನ್ನು."

ಸ್ತೆಫ್ಕಾ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಅಣ್ಣ, ಗುರುವಾರ ನನಗೆ ಫ್ಲೂ ಇಂಜೆಕ್ಷನ್ ಇದೆ. ಅವಳ ಮುಂದೆ ಅಂಗಿ ತೋಳು ಮಡಿಸಿಕೊಂಡು ಕೂರೋಳು ನಾನು, ನೀನಲ್ಲ."

ಲ್ಯುಬೆನ್ ಇನ್ನೂ ಖಡಾಖಂಡಿತವಾಗಿ ಹೇಳಿದ. "ನನಗೆ ತಿಂಗಳಿಗೊಂದು ಸೊಂಟಕ್ಕೆ ಚುಚ್ಚಬೇಕು. ಬೇರೆ ಏನು ಬೇಕಾದ್ರೂ ಕೇಳು."

ಬಸ್ ನಿಲ್ದಾಣದವನು ಮಾತು ಮುಗಿಯುವ ಮೊದಲೇ ಕಿಟಕಿ ಮುಚ್ಚಿದ. ಒಬ್ಬ ಹೆಂಡತಿಯ ಕಣ್ಸನ್ನೆಗೆ ಒಂದೂವರೆ ವರ್ಷ ಒಲೆ ಆರಿಸಿ ಕೂತ ಊರಿನಲ್ಲಿ, ಗಂಡನ ಮಾತಿಗೆ ಒಂದು ಬ್ರೆಡ್ಡನ್ನು ಬಚ್ಚಿಡುವವರು ಸಿಗಲಿಲ್ಲ.

ಕೊನೆಗೆ ಡೊಬ್ರಿಗೆ ಗೊತ್ತಿದ್ದ ಉಪಾಯ ಒಂದೇ ಉಳಿಯಿತು. ಸಂಜೆ ಪಾಲಿಕ್ಲಿನಿಕ್ಕಿನ ಬಾಗಿಲಲ್ಲಿ ನಿಂತ. ಕಾರು ತರಲಿಲ್ಲ.

"ಕಾರೆಲ್ಲಿ?"

"ಮನೇಲಿ. ಹೊಳೆ ದಾರೀಲಿ ನಡೆದು ಹೋಗೋಣ."

"ಬೆಳಿಗ್ಗೆಯಿಂದ ನಿಂತು ನಿಂತು ಕಾಲು ನೋಯ್ತಿದೆ ಮಾರಾಯ."

"ನಿಂತಿದ್ದಕ್ಕೆ ನೋಯ್ತಿದೆ. ನಡಿ, ಹೋಗುತ್ತೆ."

ಅವಳು ಗೊಣಗುತ್ತಲೇ ನಡೆದಳು. ಮರುದಿನವೂ ಗೊಣಗಿದಳು. ಜನ ತಂದುಕೊಟ್ಟ ಡಬ್ಬಿಯನ್ನು ಡೊಬ್ರಿ ಅವಳ ಕೈಯಿಂದ ತೆಗೆದುಕೊಂಡು, ದಾರಿಯಲ್ಲಿ ಸಿಗುವ ವೃದ್ಧಾಶ್ರಮದಲ್ಲಿ ಕೊಟ್ಟು ಬರುತ್ತಿದ್ದ. ಅಡುಗೆಯನ್ನೂ ಕಲಿತ. (ಅವನು ಮಾಡಿದ ಹುರುಳಿಕಾಯಿ ತಿಂದರೆ ಎರಡನೆಯ ಸಲ ಬಡಿಸಿಕೊಳ್ಳುವ ಪ್ರಶ್ನೆಯೇ ಬರುತ್ತಿರಲಿಲ್ಲ. ಇದೂ ಒಂದು ಪಥ್ಯ.) ಚಳಿಗಾಲ ಹೋಯಿತು. ಎರಡು ಪಿನ್ನುಗಳಲ್ಲಿ ಒಂದರ ಜಾಗಕ್ಕೆ ಗುಂಡಿ ಬಂತು. ಡೊಬ್ರಿಯ ತೂಕದ ಮುಳ್ಳು ನೂರ ಒಂದರಿಂದ ತೊಂಬತ್ತೊಂಬತ್ತಕ್ಕೆ ಜಾರಿ ಅಲ್ಲೇ ನಿಂತಿತು.

ಏಪ್ರಿಲ್‌ನ ಒಂದು ಸಂಜೆ, ಹೊಳೆಯಂಚಿನ ಗಿಡಗಳೆಲ್ಲ ಚಿಗುರಿದ್ದವು. ಡೊಬ್ರಿ ಮೂರು ದಿನದಿಂದ ಒಳಗೊಳಗೇ ಅಭ್ಯಾಸ ಮಾಡಿಕೊಂಡಿದ್ದ ಮಾತನ್ನು ಸೇತುವೆಯ ಹತ್ತಿರ ಬಂದಾಗ ಆಡಿಯೇಬಿಟ್ಟ.

"ಗಿನ್ಕಾ, ನೀನು ನನಗೆ ಮಾಡಿದ್ದಕ್ಕೆಲ್ಲ... ಆವತ್ತು ಆ ತಟ್ಟೆಗೆ ಬೈದಿದ್ದಕ್ಕೆ ಬೇಜಾರಿದೆ. ನೀನಿಲ್ಲದಿದ್ರೆ ನಾನಿರ್ತಿರಲಿಲ್ಲ. ನಿನ್ನ ಉಪಕಾರ ದೊಡ್ಡದು ಕಣೇ."

ಗಿನ್ಕಾ ಗಕ್ಕನೆ ನಿಂತಳು. ಮೂವತ್ತಾರನೆಯ ವರ್ಷಕ್ಕೆ ಕಾಲಿಟ್ಟ ದಾಂಪತ್ಯದಲ್ಲಿ ಇಂಥ ಮಾತು ಇದೇ ಮೊದಲು. ಅವಳು ಕಣ್ಣು ಕಿರಿದು ಮಾಡಿ ಅವನ ಮುಖದ ಹತ್ತಿರ ಬಂದಳು.

"ಬಾಯಿ ಆ ಮಾಡು."

"ಯಾಕೆ?"

"ಏನೋ ತಿಂದು ಬಂದಿದ್ದೀಯ. ಮಾಡು ಅಂದೆ."

ಊರಿನ ಪ್ರತಿಷ್ಠಿತ ಡ್ರೈವಿಂಗ್ ಗುರು, ಸೇತುವೆಯ ಮೇಲೆ ಹೋಗಿಬರುವವರ ಎದುರಿಗೆ, ಬಾಯಿ ತೆರೆದು ನಿಂತ. ಗಿನ್ಕಾ ಮೂಸಿ ನೋಡಿದಳು. ಎಡಕ್ಕೆ ತಿರುಗಿಸಿ ನೋಡಿದಳು, ಬಲಕ್ಕೆ ತಿರುಗಿಸಿ ನೋಡಿದಳು. ಏನೂ ಸಿಗಲಿಲ್ಲ. ಅವಳ ಮುಖ ಮೆಲ್ಲಗೆ ಕೆಂಪಾಯಿತು. ಹತ್ತು ಹೆಜ್ಜೆ ನಡೆದಳು.

"ಡೊಬ್ರಿ."

"ಹೇಳು," ಎಂದ ಅವನು, ಆಸೆಯಿಂದ.

"ನಡೀತಾ ನಡೀತಾ ಏದುಸಿರಿಲ್ದೆ ಇಷ್ಟುದ್ದ ಮಾತು ಬರ್ತಿದೆ ಅಂದ್ರೆ ನಮ್ಮ ನಡಿಗೆ ಸಾಲದು. ನಾಳೆಯಿಂದ ಪೆಟ್ರೋಲ್ ಬಂಕಿನ ತನಕ ಹೋಗೋಣ."

ಹಾಗೆಂದು ಅವನ ಕೈ ಹಿಡಿದುಕೊಂಡು ಬಿರಬಿರನೆ ಎಳೆದುಕೊಂಡು ಹೊರಟಳು.